ನೆರೆಯವರ ಹಣ, ನಮ್ಮ ಮನೆಯ ಪಾಠ

ಮನೆಯೇ ಮೊದಲ ಪಾಠಶಾಲೆ ಎಂಬ ಮಾತನ್ನು ಕೇಳಿಕೊಂಡೇ ನಾವೆಲ್ಲರೂ ಬೆಳೆದಿದ್ದೇವೆ. ಮಗುವಿಗೆ ಮೊದಲ ಅಕ್ಷರವನ್ನು ತಿದ್ದಿಸುವವರು, ಮೊದಲ ಪ್ರಾರ್ಥನೆಯನ್ನು ಹೇಳಿಕೊಡುವವರು, ಮೊದಲ ಸುಳ್ಳಿಗೆ ಗದರುವವರು ತಂದೆತಾಯಿಗಳೇ. ಆದರೆ ಈ ಮನೆಯ ಪಾಠಶಾಲೆಗೆ ತಗಲುವ ವೆಚ್ಚವನ್ನು ಸರ್ಕಾರವೇ ಭರಿಸುವುದಾದರೆ? ಪುಸ್ತಕ, ಕಂಪ್ಯೂಟರ್, ಸಂಗೀತ ಪಾಠ, ಚಿಕಿತ್ಸೆ ಇವುಗಳ ಬಿಲ್ಲನ್ನು ತಂದೆತಾಯಿಗಳು ಸರ್ಕಾರ ತೆರೆದುಕೊಟ್ಟ ಖಾತೆಯಿಂದ ಪಾವತಿಸಬಹುದಾದರೆ? ಆಗ ಆ ಹಣ ಯಾರದು? ಅದನ್ನು ಪ್ರಾಮಾಣಿಕವಾಗಿ ಬಳಸುವುದೆಂದರೆ ಏನು? ಅದರ ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು?

ಇವು ಕೇವಲ ಊಹೆಯ ಪ್ರಶ್ನೆಗಳಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಸಾವಿರಾರು ಕುಟುಂಬಗಳು ದಿನನಿತ್ಯ ಎದುರಿಸುತ್ತಿರುವ ಪ್ರಶ್ನೆಗಳು. ನಮ್ಮ ಧರ್ಮಕೇಂದ್ರಗಳಿಂದ ಹೋಗಿ ಅಲ್ಲಿ ಸಂಸಾರ ಹೂಡಿರುವವರಿಗೂ ಇವು ಎದುರಾಗಬಹುದು. ವಿಷಯ ದೂರದ ನಾಡಿನದಾದರೂ ಅದರೊಳಗಿರುವ ನೈತಿಕ ಪ್ರಶ್ನೆ ನಮಗೆ ದೂರದ್ದಲ್ಲ. ಆದುದರಿಂದ ತುಸು ನಿಧಾನವಾಗಿ, ಪಕ್ಷಪಾತವಿಲ್ಲದೆ ಇದನ್ನು ಪರಿಶೀಲಿಸೋಣ.

ಖಾತೆಯ ಕಥೆ

ನಮ್ಮಲ್ಲಿ ಮನೆಪಾಠವೆಂದರೆ ಶಾಲೆ ಮುಗಿದ ಮೇಲೆ ನಡೆಯುವ ಟ್ಯೂಷನ್. ಅಲ್ಲಿಯ ಹೋಮ್‌ಸ್ಕೂಲಿಂಗ್ ಬೇರೆ. ಮಗುವನ್ನು ಶಾಲೆಗೇ ಕಳುಹಿಸದೆ, ತಂದೆತಾಯಿಗಳೇ ಮನೆಯಲ್ಲಿ ಪೂರ್ಣ ಶಿಕ್ಷಣವನ್ನು ಕೊಡುವ ಪದ್ಧತಿ ಅದು. ಇದನ್ನು ಮನೆಶಿಕ್ಷಣ ಎಂದು ಕರೆಯೋಣ. 1970ರ ದಶಕದಲ್ಲಿ ಶಾಲಾ ವ್ಯವಸ್ಥೆಯ ಬಗ್ಗೆ ಭ್ರಮನಿರಸನಗೊಂಡ ಜಾನ್ ಹೋಲ್ಟ್ ಎಂಬ ಶಿಕ್ಷಕ ಇದರ ಪ್ರಮುಖ ಪ್ರತಿಪಾದಕನಾದ. ಅನಂತರದ ವರ್ಷಗಳಲ್ಲಿ ಧಾರ್ಮಿಕ ಶ್ರದ್ಧೆಯುಳ್ಳ ಅನೇಕ ಕ್ರೈಸ್ತ ಕುಟುಂಬಗಳು ಈ ಹಾದಿಯನ್ನು ಹಿಡಿದವು. ಆ ಕಾಲದಲ್ಲಿ ಕೆಲವು ರಾಜ್ಯಗಳಲ್ಲಿ ಮಗುವನ್ನು ಶಾಲೆಗೆ ಕಳುಹಿಸದಿರುವುದು ಕಾನೂನಿನ ತೊಡಕಿಗೆ ಕಾರಣವಾಗುತ್ತಿತ್ತು. ತಂದೆತಾಯಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತಿತ್ತು. ಬಹುಕಾಲದ ಹೋರಾಟದ ಫಲವಾಗಿ 1993ರ ವೇಳೆಗೆ 50 ರಾಜ್ಯಗಳಲ್ಲೂ ಮನೆಶಿಕ್ಷಣಕ್ಕೆ ಕಾನೂನಿನ ಮಾನ್ಯತೆ ದೊರೆಯಿತು. ಆ ತಲೆಮಾರಿನವರು ಸರ್ಕಾರದಿಂದ ಕೇಳಿದ್ದು ಒಂದನ್ನೇ: ನಮ್ಮ ಪಾಡಿಗೆ ನಮ್ಮನ್ನು ಬಿಡಿ. ಹಣವನ್ನು ಅವರು ಕೇಳಲಿಲ್ಲ.

ಹಣದ ಪ್ರಶ್ನೆ ಬಂದದ್ದು ಇನ್ನೊಂದು ದಾರಿಯಿಂದ. 2011ರಲ್ಲಿ ಅರಿಜೋನಾ ರಾಜ್ಯವು ವಿಶೇಷಚೇತನ ಮಕ್ಕಳಿಗಾಗಿ ಒಂದು ಹೊಸ ಯೋಜನೆಯನ್ನು ಜಾರಿಗೆ ತಂದಿತು. ಸರ್ಕಾರಿ ಶಾಲೆಯಲ್ಲಿ ತನ್ನ ಮಗುವಿನ ಅಗತ್ಯ ಪೂರೈಕೆಯಾಗುತ್ತಿಲ್ಲವೆಂದು ಕಂಡ ಕುಟುಂಬವು ಮಗುವನ್ನು ಬಿಡಿಸಿಕೊಳ್ಳಬಹುದು. ಆ ಮಗುವಿಗಾಗಿ ರಾಜ್ಯ ವ್ಯಯಿಸುತ್ತಿದ್ದ ಹಣದ ಸುಮಾರು ಶೇಕಡ 90 ಭಾಗ ಕುಟುಂಬದ ಹೆಸರಿನ ಖಾತೆಗೆ ಬರುತ್ತದೆ. ಆ ದೇಶದಲ್ಲಿ ಇಂಥ ಯೋಜನೆ ಅದೇ ಮೊದಲನೆಯದು. ಸಾಮಾನ್ಯವಾಗಿ ಇದಕ್ಕೆ ಎಜುಕೇಶನ್ ಸೇವಿಂಗ್ಸ್ ಅಕೌಂಟ್ ಎಂಬ ಹೆಸರಿದೆ. ನಾವು ಶಿಕ್ಷಣ ಖಾತೆ ಎನ್ನೋಣ. ಖಾಸಗಿ ಶಾಲೆಯ ಶುಲ್ಕ ಮಾತ್ರವಲ್ಲದೆ ಪಠ್ಯಪುಸ್ತಕ, ಖಾಸಗಿ ಬೋಧಕರ ಸಂಬಳ, ಮಾತಿನ ತೊಂದರೆಗೆ ಬೇಕಾದ ಚಿಕಿತ್ಸೆ ಮುಂತಾದವುಗಳಿಗೂ ಅದನ್ನು ಬಳಸಬಹುದು. ಖಾತೆ ಪಡೆಯುವ ತಂದೆತಾಯಿಗಳು ಓದು, ವ್ಯಾಕರಣ, ಗಣಿತ, ಸಮಾಜ ವಿಜ್ಞಾನ, ವಿಜ್ಞಾನ ಈ ವಿಷಯಗಳನ್ನು ಮಗುವಿಗೆ ಕಲಿಸುವುದಾಗಿ ಒಪ್ಪಂದಕ್ಕೆ ಸಹಿ ಹಾಕಬೇಕು. ತಾವು ಕಲಿಸಿದ್ದಕ್ಕೆಂದು ತಮಗೇ ಸಂಬಳ ತೆಗೆದುಕೊಳ್ಳುವಂತಿಲ್ಲ.

ಯೋಜನೆ ಹಂತಹಂತವಾಗಿ ಹಿಗ್ಗಿತು. ಅದನ್ನು ಎಲ್ಲ ಮಕ್ಕಳಿಗೂ ವಿಸ್ತರಿಸುವ ಪ್ರಯತ್ನವನ್ನು 2018ರ ಜನಮತಗಣನೆಯಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಮತದಾರರು ತಿರಸ್ಕರಿಸಿದರು. ಆದರೂ 2022ರ ಜುಲೈನಲ್ಲಿ ಗವರ್ನರ್ ಡಗ್ ಡ್ಯೂಸಿಯವರು ಸಹಿ ಹಾಕಿದ ಹೊಸ ಕಾನೂನಿನಂತೆ ರಾಜ್ಯದ ಪ್ರತಿಯೊಂದು ಮಗುವೂ ಅರ್ಹವಾಯಿತು. ಸಾಮಾನ್ಯ ಮಗುವಿಗೆ ವರ್ಷಕ್ಕೆ ಸುಮಾರು 7,000 ಡಾಲರ್. ಹೆಚ್ಚಿನ ಆರೈಕೆ ಬೇಕಾದ ಮಗುವಿಗೆ ಅದಕ್ಕಿಂತ ಬಹಳ ಹೆಚ್ಚು. ಅದಕ್ಕೆ ಮೊದಲು 12,000ದಷ್ಟಿದ್ದ ಫಲಾನುಭವಿಗಳ ಸಂಖ್ಯೆ ಎರಡೇ ವರ್ಷಗಳಲ್ಲಿ 75,000ವನ್ನು ದಾಟಿತು. ವೆಸ್ಟ್ ವರ್ಜೀನಿಯಾ, ಫ್ಲಾರಿಡಾ, ಯೂಟಾ, ಅರ್ಕಾನ್ಸಾ ಮೊದಲಾದ ರಾಜ್ಯಗಳು ತಮ್ಮದೇ ನಿಯಮಗಳೊಡನೆ ಇಂಥ ಯೋಜನೆಗಳನ್ನು ತಂದವು. 2025ರ ಮೇ ತಿಂಗಳಲ್ಲಿ ಟೆಕ್ಸಸ್ ಕೂಡ ಕಾನೂನು ಮಾಡಿತು.

ತಂದೆತಾಯಿಗಳ ಹಕ್ಕು

ಮೊದಲಿಗೆ ಇದರ ಪರವಾಗಿರುವ ವಾದವನ್ನು ಗೌರವದಿಂದ ಕೇಳೋಣ. ಏಕೆಂದರೆ ಅದು ಹಗುರವಾದ ವಾದವಲ್ಲ. ನಮ್ಮ ಧರ್ಮಸಭೆಯ ಚರಿತ್ರೆಯೊಡನೆಯೂ ಅದು ಹೆಣೆದುಕೊಂಡಿದೆ.

1922ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ 8ರಿಂದ 16 ವರ್ಷದ ಮಕ್ಕಳೆಲ್ಲರೂ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಕಾನೂನು ಬಂದಿತು. ಕಥೋಲಿಕ ಶಾಲೆಗಳನ್ನು ಮುಚ್ಚಿಸುವ ಉದ್ದೇಶ ಅದರ ಹಿಂದೆ ಇತ್ತು. ಕು ಕ್ಲಕ್ಸ್ ಕ್ಲಾನ್‌ನಂಥ ದ್ವೇಷದ ಸಂಘಟನೆಯೂ ಅದನ್ನು ಬೆಂಬಲಿಸಿತ್ತು. ಯೇಸು ಮತ್ತು ಮರಿಯ ಇವರ ಪವಿತ್ರ ನಾಮಗಳ ಸಭೆಗೆ ಸೇರಿದ ಕನ್ಯಾಸ್ತ್ರೀಯರು ನ್ಯಾಯಾಲಯಕ್ಕೆ ಹೋದರು. 1925ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಆ ಕಾನೂನನ್ನು ರದ್ದುಪಡಿಸಿತು. ಮಗು ಸರ್ಕಾರದ ಸೃಷ್ಟಿಯಲ್ಲ, ಅದನ್ನು ಸಾಕಿ ಸಲಹುವವರಿಗೆ ಅದರ ಬದುಕನ್ನು ರೂಪಿಸುವ ಹಕ್ಕೂ ಹೊಣೆಯೂ ಇದೆ ಎಂಬುದು ಆ ತೀರ್ಪಿನ ಸಾರ. ಕೆಲವೇ ಜನ ಕನ್ಯಾಸ್ತ್ರೀಯರ ಧೈರ್ಯದಿಂದ ಒಂದು ದೇಶದ ತಂದೆತಾಯಿಗಳೆಲ್ಲರಿಗೂ ಈ ರಕ್ಷಣೆ ದೊರೆಯಿತೆಂಬುದನ್ನು ನಾವು ಮರೆಯಬಾರದು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತ ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯೂ ಇದನ್ನೇ ಹೇಳುತ್ತದೆ. ಮಕ್ಕಳಿಗೆ ಜೀವ ಕೊಟ್ಟ ತಂದೆತಾಯಿಗಳೇ ಅವರ ಮೊದಲ ಹಾಗೂ ಮುಖ್ಯ ಶಿಕ್ಷಕರು. ಅಷ್ಟೇ ಅಲ್ಲ, ತಂದೆತಾಯಿಗಳು ತಮ್ಮ ಆತ್ಮಸಾಕ್ಷಿಗೆ ಒಪ್ಪುವ ಶಾಲೆಯನ್ನು ನಿಜವಾಗಿ ಆರಿಸಿಕೊಳ್ಳಲು ಸಾಧ್ಯವಾಗುವಂತೆ ಸಾರ್ವಜನಿಕ ಹಣದ ಹಂಚಿಕೆಯಾಗಬೇಕು ಎಂದೂ ಆ ಘೋಷಣೆ ಬಯಸುತ್ತದೆ. ಹಣವಿದ್ದವನಿಗೆ ಮಾತ್ರ ಆಯ್ಕೆ, ಇಲ್ಲದವನಿಗೆ ಸಿಕ್ಕಿದ್ದೇ ಗತಿ ಎಂದಾದರೆ ಹಕ್ಕು ಎಂಬ ಮಾತಿಗೆ ಅರ್ಥವೇನು?

ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಆಕೆಯ ಮಗನಿಗೆ ಆಟಿಸಂ ಇದೆ. ಮೂವತ್ತು ಮಕ್ಕಳ ತರಗತಿಯ ಗದ್ದಲ ಅವನಿಗೆ ಸಹಿಸಲಾಗದು. ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂರುತ್ತಾನೆ. ಆಕೆ ಕೆಲಸ ಬಿಟ್ಟು ಮನೆಯಲ್ಲೇ ಅವನಿಗೆ ಕಲಿಸುತ್ತಾಳೆ. ಸಂಪಾದನೆ ನಿಂತಿದೆ, ಮಾತಿನ ಚಿಕಿತ್ಸೆಯ ಖರ್ಚು ಏರಿದೆ. ಆಕೆಗೆ ಆ ಖಾತೆ ಭೋಗವಲ್ಲ. ಮುಳುಗುವವನಿಗೆ ಸಿಕ್ಕ ಹಗ್ಗ. ಮಗ ಮೊದಲ ಬಾರಿಗೆ ಒಂದು ಪೂರ್ಣ ವಾಕ್ಯವನ್ನು ಓದಿದ ದಿನ ಆ ಮನೆಯಲ್ಲಿ ಆಗುವ ಸಂತೋಷವನ್ನು ಅಳೆಯುವ ಅಂಕಿಅಂಶ ಯಾವ ಇಲಾಖೆಯಲ್ಲೂ ಇಲ್ಲ. ಶಿಕ್ಷಣ ಖಾತೆಯನ್ನು ಟೀಕಿಸುವ ಯಾರೇ ಆಗಲಿ ಮೊದಲು ಈ ತಾಯಿಯ ಮುಖವನ್ನು ನೋಡಿ ಮಾತನಾಡಬೇಕು.

ಎರಡು ಕಡೆಯ ಆಕ್ಷೇಪ

ಹಾಗಾದರೆ ಆಕ್ಷೇಪವೇನು? ಕುತೂಹಲದ ಸಂಗತಿಯೆಂದರೆ ಆಕ್ಷೇಪ ಒಂದೇ ಕಡೆಯಿಂದ ಬರುವುದಿಲ್ಲ.

ಮೊದಲನೆಯದು ಮನೆಶಿಕ್ಷಣದ ಹಳೆಯ ಹೋರಾಟಗಾರರಿಂದಲೇ ಬರುತ್ತದೆ. 1983ರಲ್ಲಿ ಸ್ಥಾಪನೆಯಾದ ಹೋಮ್ ಸ್ಕೂಲ್ ಲೀಗಲ್ ಡಿಫೆನ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ, ಸರ್ಕಾರದ ಹಣ ಬಂದಲ್ಲಿ ಸರ್ಕಾರದ ನಿಯಂತ್ರಣವೂ ಬರುತ್ತದೆಂದು ಬಹುಕಾಲದಿಂದ ಎಚ್ಚರಿಸುತ್ತಲೇ ಇದೆ. ಯಾರ ಅನ್ನ ಉಣ್ಣುತ್ತೇವೆಯೋ ಅವರ ಮಾತು ಕೇಳಬೇಕಾಗುತ್ತದೆ ಎಂಬುದು ಇವರ ಅಳುಕು. ಈ ಭೇದವನ್ನು ಅರಿಜೋನಾದ ಕಾನೂನೂ ಗುರುತಿಸುತ್ತದೆ. ಅಲ್ಲಿ ಮನೆಯಲ್ಲೇ ಕಲಿಸುವವರಲ್ಲಿ ಎರಡು ವರ್ಗ. ಕೇವಲ ಒಂದು ಅಫಿಡವಿಟ್ ಸಲ್ಲಿಸಿ, ಸರ್ಕಾರದಿಂದ ಏನನ್ನೂ ಪಡೆಯದೆ ಕಲಿಸುವವರು ಒಂದು. ಖಾತೆಯ ಒಪ್ಪಂದಕ್ಕೆ ಸಹಿ ಹಾಕಿ ಹಣ ಪಡೆದು ಕಲಿಸುವವರು ಇನ್ನೊಂದು. ಏಕಕಾಲದಲ್ಲಿ ಎರಡೂ ಆಗಿರಲು ಸಾಧ್ಯವಿಲ್ಲ. ಅಡುಗೆಮನೆಯ ಮೇಜು ಅದೇ, ಪುಸ್ತಕ ಅದೇ, ತಾಯಿ ಅವಳೇ. ಆದರೆ ಒಬ್ಬಳು ತನ್ನ ಸ್ವಂತ ಹೊಣೆಯಲ್ಲಿ ಕಲಿಸುತ್ತಾಳೆ, ಇನ್ನೊಬ್ಬಳು ಒಪ್ಪಂದಕ್ಕೆ ಒಳಪಟ್ಟು ಕಲಿಸುತ್ತಾಳೆ.

ಎರಡನೆಯ ಆಕ್ಷೇಪ ನೆರೆಹೊರೆಯಿಂದ ಬರುತ್ತದೆ. 2022ರಲ್ಲಿ ಯೋಜನೆ ಎಲ್ಲರಿಗೂ ತೆರೆದಾಗ ಮೊದಮೊದಲು ಅರ್ಜಿ ಹಾಕಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳು ಅದುವರೆಗೆ ಸರ್ಕಾರಿ ಶಾಲೆಯಲ್ಲಿ ಇದ್ದವರಲ್ಲವೆಂದು ರಾಜ್ಯದ ಶಿಕ್ಷಣ ಇಲಾಖೆಯೇ ತಿಳಿಸಿತು. ಅಂದರೆ ಬಹುಮಟ್ಟಿಗೆ ಆ ವೆಚ್ಚ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿದ್ದಲ್ಲ, ಹೊಸದಾಗಿ ಸೇರಿದ್ದು. ಇತ್ತ ಫೀನಿಕ್ಸ್ ನಗರದ ದಕ್ಷಿಣ ಭಾಗದ ರೂಸ್‌ವೆಲ್ಟ್ ಶಾಲಾ ಜಿಲ್ಲೆಯಲ್ಲಿ ಐದು ಶಾಲೆಗಳನ್ನು ಮುಚ್ಚಲು 2024ರ ಡಿಸೆಂಬರಿನಲ್ಲಿ ನಿರ್ಧಾರವಾಯಿತು. ಮಕ್ಕಳ ಸಂಖ್ಯೆ ಇಳಿದುದಕ್ಕೆ ಜನನ ಪ್ರಮಾಣದ ಕುಸಿತ, ಇತರ ಶಾಲೆಗಳ ಪೈಪೋಟಿ ಮುಂತಾದ ಹಲವು ಕಾರಣಗಳಿವೆ; ಎಲ್ಲವನ್ನೂ ಈ ಖಾತೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಎರಡು ಕಡೆ ದುಡಿದು ಮನೆಗೆ ಬರುವ ತಾಯಿಗೆ ಮಗುವನ್ನು ಮನೆಯಲ್ಲಿ ಕೂರಿಸಿ ಕಲಿಸುವ ಆಯ್ಕೆ ಎಲ್ಲಿದೆ? 7,000 ಡಾಲರಿನಿಂದ ಪುಸ್ತಕ ಕೊಳ್ಳಬಹುದು, ಹೊತ್ತನ್ನು ಕೊಳ್ಳಲಾಗದು. ಆಕೆಯ ಮಗು ಹತ್ತಿರದ ಸರ್ಕಾರಿ ಶಾಲೆಗೇ ಹೋಗಬೇಕು. ಆ ಶಾಲೆ ಸೊರಗಿದರೆ ಸೊರಗುವುದು ಆ ಮಗು.

ಆ ಹಣ ಯಾರದು?

ಈ ವಾದ ಪ್ರತಿವಾದಗಳ ನಡುವೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಅದು ನಾನು ಕಟ್ಟಿದ ತೆರಿಗೆ, ನನಗೇ ಹಿಂತಿರುಗುತ್ತಿದೆ, ಅದನ್ನು ಹೇಗೆ ಖರ್ಚು ಮಾಡಿದರೂ ಕೇಳಲು ನೀವು ಯಾರು? ಸಮಸ್ಯೆಯ ಗಂಟು ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ಸರಳವಾಗಿ ಲೆಕ್ಕ ಹಾಕಿ ನೋಡಿ. ಮೂವರು ಮಕ್ಕಳಿರುವ ಕುಟುಂಬಕ್ಕೆ ವರ್ಷಕ್ಕೆ 21,000 ಡಾಲರ್ ಬರುತ್ತದೆ. ಸಾಧಾರಣ ವರಮಾನದ ಯಾವ ಕುಟುಂಬ ವರ್ಷಕ್ಕೆ ಅಷ್ಟು ತೆರಿಗೆಯನ್ನು ರಾಜ್ಯದ ಶಿಕ್ಷಣ ವೆಚ್ಚಕ್ಕೆಂದೇ ಕಟ್ಟುತ್ತದೆ? ಆ ಹಣದಲ್ಲಿ ಮಕ್ಕಳಿಲ್ಲದ ದಂಪತಿಯ ಪಾಲಿದೆ. ಮಕ್ಕಳು ದೊಡ್ಡವರಾಗಿ ದೂರ ಹೋದ ಮೇಲೆ ಒಂಟಿಯಾಗಿ ಬದುಕುವ ವೃದ್ಧೆಯ ಪಾಲಿದೆ. ಆಕೆ ಅಂಗಡಿಯಲ್ಲಿ ಬಟ್ಟೆ ಸೋಪು ಕೊಂಡಾಗಲೆಲ್ಲ ತೆತ್ತ ಮಾರಾಟ ತೆರಿಗೆಯ ಪೈಸೆ ಅದರಲ್ಲಿ ಸೇರಿದೆ. ಹನಿಗೂಡಿ ಹಳ್ಳವಾದ ಹಣ ಅದು. ಇವರೆಲ್ಲರೂ ಒಂದು ನಂಬಿಕೆಯಿಂದ ಅದನ್ನು ಕೊಟ್ಟಿದ್ದಾರೆ: ನಾಳಿನ ನಾಗರಿಕರು ಓದು ಬರಹ ಬಲ್ಲವರೂ ವಿವೇಕಿಗಳೂ ಆಗಿ ಬೆಳೆದರೆ ಅದು ನಮಗೆಲ್ಲರಿಗೂ ಹಿತ ಎಂಬ ನಂಬಿಕೆ.

ಆದುದರಿಂದ ಅದು ಹಿಂತಿರುಗಿ ಬಂದ ಹಣವಲ್ಲ, ಒಪ್ಪಿಸಿಕೊಟ್ಟ ಹಣ. ಕಲಿಸುವ ಹಕ್ಕು ತಂದೆತಾಯಿಗಳದು. ಅದನ್ನು ಅವರಿಗೆ ಸರ್ಕಾರ ಕೊಟ್ಟದ್ದಲ್ಲ, ಸರ್ಕಾರ ಕಿತ್ತುಕೊಳ್ಳಲೂ ಬರುವುದಿಲ್ಲ. ಆದರೆ ಹಣ ನೆರೆಯವರದು. ಈ ಎರಡು ಮಾತುಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟಲ್ಲಿ ತಪ್ಪು ಹುಟ್ಟುತ್ತದೆ. ಹಕ್ಕನ್ನು ಮರೆತ ಸರ್ಕಾರ ಆರೆಗಾನಿನ 1922ರ ಕಾನೂನಿನಂತೆ ಮಕ್ಕಳನ್ನು ತನ್ನ ಸ್ವತ್ತೆಂದು ಭಾವಿಸುತ್ತದೆ. ನೆರೆಯವರನ್ನು ಮರೆತ ಕುಟುಂಬಕ್ಕೆ, ನಮ್ಮ ಗಾದೆಯೇ ಹೇಳುವಂತೆ, ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆಯಾಗುತ್ತದೆ.

ಸಂತ ಪೌಲನ ನಡವಳಿಕೆಯನ್ನು ಇಲ್ಲಿ ನೆನಪಿಸಿಕೊಳ್ಳುವುದು ಉಚಿತ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಆತ ಹಲವು ಊರುಗಳಲ್ಲಿ ಕಾಣಿಕೆ ಸಂಗ್ರಹಿಸಿದ. ಅವನ ಪ್ರಾಮಾಣಿಕತೆಯನ್ನು ಪ್ರಶ್ನಿಸುವವರು ಎಷ್ಟು ಮಂದಿ ಇದ್ದಾರು? ಆದರೂ ಆ ಹಣವನ್ನು ಆತ ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದ ಸಹೋದರರನ್ನು ಜೊತೆಯಲ್ಲಿ ಇರಿಸಿಕೊಂಡ. ದೇವರ ಮುಂದೆ ಸರಿಯಾಗಿದ್ದರೆ ಸಾಲದು, ಜನರ ಕಣ್ಣಿಗೂ ಸರಿಯಾಗಿ ಕಾಣಬೇಕು ಎಂಬ ವಿವೇಕವನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಆತ ವಿವರಿಸಿದ್ದಾನೆ. ಲೆಕ್ಕ ಕೇಳುವುದು ಅಪನಂಬಿಕೆಯ ಗುರುತಲ್ಲ. ಇನ್ನೊಬ್ಬರ ಹಣವನ್ನು ಕೈಯಲ್ಲಿ ಹಿಡಿದವನಿಗೆ ಅದೊಂದು ಆಸರೆ.

ಪಿಯಾನೋ ಮತ್ತು ಪೆನ್ಸಿಲ್

ಹಾಗಾದರೆ ಯಾವ ಖರ್ಚು ಸರಿ, ಯಾವುದು ತಪ್ಪು? ಪಟ್ಟಿ ಮಾಡಿದರೆ ಮುಗಿಯಿತಲ್ಲ ಎನ್ನಿಸಬಹುದು. ಅದು ಅಷ್ಟು ಸುಲಭವಲ್ಲ.

ಅರಿಜೋನಾದಲ್ಲಿ ಈ ಹಣದಿಂದ ಪಿಯಾನೋ, ದುಬಾರಿ ಲೆಗೋ ಆಟಿಕೆ, ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆಯ ಪಾಸು ಇವುಗಳನ್ನು ಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಾಗ ದೊಡ್ಡ ಗದ್ದಲವೆದ್ದಿತು. ತಂದೆತಾಯಿಗಳ ಉತ್ತರವೂ ಇತ್ತು: ಸರ್ಕಾರಿ ಶಾಲೆಯಲ್ಲಿ ಪಿಯಾನೋ ಇರುವುದಿಲ್ಲವೇ? ಆಟದ ಪಾಠ ಅಲ್ಲಿ ಇಲ್ಲವೇ? ಉತ್ತರದಲ್ಲಿ ಸತ್ಯಾಂಶವಿದೆ. ಆದರೆ ಶಾಲೆಯ ಪಿಯಾನೋವನ್ನು ಇಪ್ಪತ್ತು ವರ್ಷ ನೂರಾರು ಮಕ್ಕಳು ನುಡಿಸುತ್ತಾರೆ. ಮನೆಯ ಪಿಯಾನೋ ಒಂದು ಕುಟುಂಬದ ಆಸ್ತಿಯಾಗಿ ಉಳಿಯುತ್ತದೆ. ಇನ್ನೊಂದು ಕಡೆ, ಕುಣಿದಾಡುವ ಟ್ರ್ಯಾಂಪೊಲೀನ್ ಒಂದು ಮನೆಯಲ್ಲಿ ಬರಿಯ ಆಟದ ಸಾಮಾನು. ಇಂದ್ರಿಯಗಳ ಸಮತೋಲನ ತಪ್ಪಿರುವ ಮಗುವಿರುವ ಮನೆಯಲ್ಲಿ ಅದೇ ಔಷಧಿ. ವಸ್ತುವಿನ ಹೆಸರನ್ನು ನೋಡಿ ಖರ್ಚಿನ ಯೋಗ್ಯತೆಯನ್ನು ತೀರ್ಮಾನಿಸಲು ಬರುವುದಿಲ್ಲ.

ಇಲಾಖೆಗಳು ಇಕ್ಕಟ್ಟಿಗೆ ಸಿಕ್ಕಿದ್ದು ಇದೇ ಕಾರಣಕ್ಕೆ. ಕೊಳ್ಳುವ ಪೂರಕ ಸಾಮಗ್ರಿ ಯಾವ ಪಠ್ಯಕ್ರಮಕ್ಕೆ ಬೇಕೆಂಬುದನ್ನು ತೋರಿಸಬೇಕೆಂದು 2024ರಲ್ಲಿ ಅರಿಜೋನಾದ ಅಟಾರ್ನಿ ಜನರಲ್ ಕ್ರಿಸ್ ಮೇಯ್ಸ್ ಅವರು ಒತ್ತಾಯಿಸಿದರು. ಪುಸ್ತಕ ಪೆನ್ಸಿಲಿಗೂ ದಾಖಲೆ ಕೊಡಬೇಕೇ ಎಂದು ತಾಯಂದಿರು ನೊಂದುಕೊಂಡರು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಬಿಲ್ಲುಗಳ ರಾಶಿ ಕರಗದಾದಾಗ ಅದೇ ವರ್ಷದ ಡಿಸೆಂಬರಿನಿಂದ ಶಿಕ್ಷಣ ಇಲಾಖೆ, 2,000 ಡಾಲರಿನೊಳಗಿನ ಬಿಲ್ಲುಗಳನ್ನು ಮೊದಲು ಮಂಜೂರು ಮಾಡಿ ಆಮೇಲೆ ಪರಿಶೀಲಿಸುವ ಕ್ರಮವನ್ನು ತಂದಿತು. ಬಿಗಿ ಹಿಡಿದರೆ ಪ್ರಾಮಾಣಿಕರಿಗೆ ಕಾಟ, ಸಡಿಲ ಬಿಟ್ಟರೆ ಕಳ್ಳರಿಗೆ ಹಬ್ಬ. ಕಳ್ಳರು ಇರಲಿಲ್ಲವೆಂದಲ್ಲ: 2024ರ ಫೆಬ್ರವರಿಯಲ್ಲಿ ಐವರ ಮೇಲೆ ಆರೋಪ ಹೊರಿಸಲಾಯಿತು. ಇಲ್ಲದ ಮಕ್ಕಳ ಹೆಸರಿನಲ್ಲಿ 6 ಲಕ್ಷ ಡಾಲರಿಗೂ ಹೆಚ್ಚು ಹಣ ಎತ್ತಿದರೆಂಬುದು ಆರೋಪ. ಅವರಲ್ಲಿ ಮೂವರು ಆ ಇಲಾಖೆಯಲ್ಲೇ ಕೆಲಸ ಮಾಡಿದವರು.

ಬೇರೆ ರಾಜ್ಯಗಳು ಬೇರೆ ಬೇಲಿ ಹಾಕಿವೆ. ಆರಂಭದಲ್ಲಿ ಎಲ್ಲರಿಗೂ 8,000 ಡಾಲರ್ ಕೊಡುತ್ತಿದ್ದ ಯೂಟಾ ರಾಜ್ಯ 2025ರಲ್ಲಿ ಮನೆಶಿಕ್ಷಣದ ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಅದನ್ನು 4,000 ಅಥವಾ 6,000ಕ್ಕೆ ಇಳಿಸಿತು. ಪಠ್ಯೇತರ ಚಟುವಟಿಕೆಗಳ ವೆಚ್ಚಕ್ಕೂ ಮಿತಿ ಹಾಕಿತು. ಅದೇ ವರ್ಷದ ಏಪ್ರಿಲಿನಲ್ಲಿ ಅಲ್ಲಿಯ ಕೆಳ ನ್ಯಾಯಾಲಯ ಆ ಯೋಜನೆಯೇ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಾಗ ವ್ಯಾಜ್ಯ ಮೇಲ್ಮನವಿಗೆ ಹೋಯಿತು. ಟೆಕ್ಸಸ್ ತನ್ನ ಕಾನೂನಿನಲ್ಲಿ ಖಾಸಗಿ ಶಾಲೆಗೆ ಹೋಗುವ ಮಗುವಿಗೆ ಸುಮಾರು 10,000 ಡಾಲರ್ ಇಟ್ಟು, ಮನೆಶಿಕ್ಷಣದ ಮಗುವಿಗೆ 2,000 ಡಾಲರಿನ ಮಿತಿ ಇಟ್ಟಿತು.

ಇದೆಲ್ಲದರ ನಡುವೆ ಒಂದು ವಿಚಿತ್ರವನ್ನು ಗಮನಿಸಿ. ಅರಿಜೋನಾದಲ್ಲಿ ಪೆನ್ಸಿಲಿನ ರಸೀದಿಯ ಬಗ್ಗೆ ಇಷ್ಟೊಂದು ಜಗಳ. ಆದರೆ ಮಗು ಓದಲು ಕಲಿಯಿತೇ ಎಂದು ತಿಳಿಯಲು ಖಾತೆದಾರ ಕುಟುಂಬಗಳಿಗೆ ಆ ರಾಜ್ಯ ಯಾವ ಪರೀಕ್ಷೆಯನ್ನೂ ಕಡ್ಡಾಯ ಮಾಡಲಿಲ್ಲ. ವಸ್ತುವಿಗೆ ಲೆಕ್ಕವುಂಟು, ಮಗುವಿಗೆ ಇಲ್ಲ! ವೆಸ್ಟ್ ವರ್ಜೀನಿಯಾದಲ್ಲಿ ಮನೆಯಲ್ಲಿ ಕಲಿಯುವ ಮಗು ವರ್ಷಕ್ಕೊಮ್ಮೆ ಪರೀಕ್ಷೆ ಬರೆಯಬೇಕು, ಇಲ್ಲವೇ ಅರ್ಹ ಶಿಕ್ಷಕರೊಬ್ಬರು ಮಗುವಿನ ಕೆಲಸವನ್ನು ನೋಡಿ ಪ್ರಗತಿಯನ್ನು ದೃಢಪಡಿಸಬೇಕು. ಫ್ಲಾರಿಡಾದಲ್ಲೂ ವಾರ್ಷಿಕ ಪರೀಕ್ಷೆಯಿದೆ. ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಷ್ಟು ಹಿಂದೆಯೇ ಇದೇ ಬಗೆಯ ವಿಚಾರವನ್ನು ಮುಂದಿಟ್ಟಿದ್ದ: ಎಲ್ಲಿ, ಹೇಗೆ ಕಲಿಸಬೇಕೆಂಬುದನ್ನು ತಂದೆತಾಯಿಗಳಿಗೆ ಬಿಡಲಿ, ಬಡವರ ಶುಲ್ಕಕ್ಕೆ ಸರ್ಕಾರ ನೆರವಾಗಲಿ, ಆದರೆ ಮಗು ಕಲಿತಿದೆಯೇ ಎಂಬುದನ್ನು ಸರ್ಕಾರ ಪರೀಕ್ಷಿಸಲಿ. ನೆರೆಯವರು ಹಣ ಕೊಟ್ಟದ್ದು ಮಗು ಕಲಿಯಲೆಂದು. ಅವರಿಗೆ ಸಲ್ಲಬೇಕಾದ ಉತ್ತರವೂ ಅದೇ. ಮಗು ಬೆಳೆಯುತ್ತಿದೆಯೆಂದು ವರ್ಷಕ್ಕೊಮ್ಮೆ ಸೌಜನ್ಯದಿಂದ ತೋರಿಸುವುದು, ಪ್ರತಿ ಪೆನ್ಸಿಲಿಗೂ ಕಾಗದ ಸಲ್ಲಿಸುವುದಕ್ಕಿಂತ ತಂದೆತಾಯಿಗಳಿಗೂ ಹೆಚ್ಚು ಗೌರವದ ಕ್ರಮ.

ರಸೀದಿಯೂ ಒಂದು ಪಾಠ

ಆದರೆ ಎಷ್ಟೇ ಒಳ್ಳೆಯ ನಿಯಮವಾದರೂ ಅದು ಬಾಗಿಲವರೆಗೆ ಮಾತ್ರ ಬರಬಲ್ಲದು. ಬಾಗಿಲೊಳಗೆ ಉಳಿಯುವುದು ಆತ್ಮಸಾಕ್ಷಿಯೊಂದೇ. ಮನೆಶಿಕ್ಷಣಕ್ಕೂ ಶಾಲೆಗೂ ಇರುವ ಒಂದು ಮುಖ್ಯ ವ್ಯತ್ಯಾಸ ಇಲ್ಲಿದೆ.

ಶಾಲೆಯ ಮಕ್ಕಳು ಮುಖ್ಯೋಪಾಧ್ಯಾಯರ ಲೆಕ್ಕದ ಪುಸ್ತಕವನ್ನು ಕಾಣುವುದಿಲ್ಲ. ಗುಮಾಸ್ತರು ಯಾವ ಬಿಲ್ಲಿಗೆ ಯಾವ ಶೀರ್ಷಿಕೆ ಕೊಟ್ಟರೆಂದು ಅವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಕಲಿಯುವ ಮಗುವಾದರೋ ಎಲ್ಲವನ್ನೂ ಕಾಣುತ್ತದೆ. ತಾಯಿ ಅದೇ ಮೇಜಿನ ಮೇಲೆ ಕುಳಿತು ಬಿಲ್ಲನ್ನು ಸಲ್ಲಿಸುವಾಗ ಮಗು ಎದುರಿಗೆ ಕುಳಿತು ಲೆಕ್ಕ ಮಾಡುತ್ತಿರುತ್ತದೆ. ಹುಟ್ಟುಹಬ್ಬದ ಉಡುಗೊರೆಗೆ ಭೌತಶಾಸ್ತ್ರದ ಸಾಮಗ್ರಿ ಎಂಬ ಹೆಸರು ಕೊಟ್ಟರೆ, ರಜೆಯ ಪ್ರವಾಸಕ್ಕೆ ಭೂಗೋಳದ ಪಾಠವೆಂದು ಬರೆದರೆ, ಅಂದು ಮಗು ಕಲಿಯುವುದು ಭೌತಶಾಸ್ತ್ರವನ್ನೂ ಅಲ್ಲ, ಭೂಗೋಳವನ್ನೂ ಅಲ್ಲ. ಕಾಣದ ನೆರೆಯವನಿಗೆ ಹೇಗೆ ಸುಳ್ಳು ಹೇಳಬಹುದೆಂಬ ಪಾಠವನ್ನು ಅದು ಕಲಿಯುತ್ತದೆ. ಅದೂ ತಾನು ಅತ್ಯಂತ ಪ್ರೀತಿಸುವ ಗುರುವಿನಿಂದ. ಶ್ರದ್ಧೆಯುಳ್ಳ ಅನೇಕ ಕುಟುಂಬಗಳು ಮಗುವಿನ ಗುಣನಡತೆ ಕೆಡದಿರಲೆಂದು ಮನೆಶಿಕ್ಷಣವನ್ನು ಆರಿಸಿಕೊಳ್ಳುತ್ತವೆ. ಆ ಗುಣನಡತೆಯನ್ನು ಒಂದು ಹುಸಿ ಬಿಲ್ಲಿನಿಂದ ಮಾರಿಕೊಂಡರೆ ಖಾತೆಯಿಂದ ಬಂದ ಲಾಭವೇನು?

ಅದೇ ಮೇಜು ಬೇರೆ ಪಾಠವನ್ನೂ ಕಲಿಸಬಲ್ಲದು. ತಾಯಿಯೊಬ್ಬಳು ಮಗಳಿಗೆ, ಈ ಪುಸ್ತಕಕ್ಕೆ ಹಣ ಕೊಟ್ಟವರು ನಮಗೆ ಗೊತ್ತಿಲ್ಲದ ಎಷ್ಟೋ ಜನ. ಅವರಲ್ಲಿ ನಮ್ಮ ಬೀದಿಯ ಅಜ್ಜಿಯೂ ಇದ್ದಾರೆ, ಆದ್ದರಿಂದ ಹರಿಯದಂತೆ ಓದಿ ಇನ್ನೊಂದು ಮಗುವಿಗೆ ಕೊಡೋಣ ಎಂದು ಹೇಳಿದರೆ, ಆ ಒಂದೇ ಮಾತಿನಲ್ಲಿ ಪೌರನೀತಿಯೂ ಧರ್ಮೋಪದೇಶವೂ ಅಡಗಿದೆ. ವರ್ಷದ ಕೊನೆಗೆ ಖಾತೆಯಲ್ಲಿ ಹಣ ಉಳಿದಾಗ, ಉಳಿದಿದೆಯೆಂಬ ಕಾರಣಕ್ಕೆ ಏನನ್ನಾದರೂ ಕೊಳ್ಳದೆ ಸುಮ್ಮನಿರುವುದೂ ಒಂದು ಪಾಠವೇ.

ಇಂಥ ಖಾತೆಯನ್ನು ಬಳಸುವವರು ತಮ್ಮನ್ನು ತಾವೇ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ನನ್ನ ಸ್ವಂತ ದುಡಿಮೆಯ ಹಣವಾಗಿದ್ದರೆ ಮಗುವಿನ ಕಲಿಕೆಗಾಗಿ ಇದನ್ನು ಕೊಳ್ಳುತ್ತಿದ್ದೆನೇ? ತೆರಿಗೆ ತೆತ್ತ ಆ ವೃದ್ಧೆ ನಮ್ಮ ಮನೆಗೆ ಬಂದರೆ ಇದನ್ನು ಮರೆಮಾಡದೆ ತೋರಿಸಬಲ್ಲೆನೇ? ನನ್ನ ಮಗು ಬಿಟ್ಟುಬಂದ ಶಾಲೆಯಲ್ಲಿ ಉಳಿದಿರುವ ಮಕ್ಕಳ ಬಗ್ಗೆ ನನಗೆ ಇನ್ನೂ ಕಾಳಜಿ ಇದೆಯೇ? ಮೂರನೆಯದು ಎಲ್ಲಕ್ಕಿಂತ ಕಠಿಣ. ನೆರೆಯವರ ಹಣದಿಂದ ನಮ್ಮ ಮಗುವಿಗೆ ದಾರಿ ಸಿಕ್ಕಿತೆಂದ ಮೇಲೆ ನೆರೆಯವರ ಮಗುವಿನ ಶಾಲೆ ಚೆನ್ನಾಗಿರಲೆಂದು ಬಯಸುವುದು, ಅದಕ್ಕಾಗಿ ಮತ ಹಾಕುವುದು, ಬಿಡುವಿದ್ದಾಗ ಅಲ್ಲಿ ಹೋಗಿ ಒಂದು ಗಂಟೆ ನೆರವಾಗುವುದು ಋಣ ತೀರಿಸುವ ಬಗೆ.

ಟೀಕಿಸುವವರಿಗೂ ಒಂದು ಕರ್ತವ್ಯವಿದೆ. ಕೆಲವರ ಸ್ಕೀ ಪಾಸನ್ನು ತೋರಿಸಿ ಎಲ್ಲ ಕುಟುಂಬಗಳನ್ನೂ ಕಳ್ಳರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಮಗನ ಚಿಕಿತ್ಸೆಗಾಗಿ ಅಲೆಯುವ ತಾಯಿಗೆ ಆ ಮಾತು ಚುಚ್ಚುತ್ತದೆ.

ನಮ್ಮ ಅಂಗಳದಲ್ಲಿ

ನಮ್ಮ ದೇಶದಲ್ಲಿ ಮನೆಯಲ್ಲೇ ಕಲಿಸುವ ಕುಟುಂಬಗಳು ವಿರಳ. ಅವರು ತಮ್ಮ ಖರ್ಚಿನಲ್ಲೇ ಕಲಿಸಿ, ಬಹುಮಟ್ಟಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಂಥ ಮಾರ್ಗದಿಂದ ಪರೀಕ್ಷೆ ಕಟ್ಟಿಸುತ್ತಾರೆ. ಆದರೆ ಸರ್ಕಾರದ ಹಣ, ನಮ್ಮ ಹೊಣೆ ಎಂಬ ಪ್ರಶ್ನೆ ನಮಗೆ ಹೊಸದಲ್ಲ. 1854ರ ವುಡ್ ಡಿಸ್ಪ್ಯಾಚಿನಿಂದ ಭಾರತದಲ್ಲಿ ಖಾಸಗಿ ಶಾಲೆಗಳಿಗೆ ಅನುದಾನದ ಪದ್ಧತಿ ಆರಂಭವಾಯಿತು. ಇಂದಿಗೂ ನಮ್ಮ ಎಷ್ಟೋ ಅನುದಾನಿತ ಶಾಲೆಗಳಲ್ಲಿ ಅಧ್ಯಾಪಕರ ಸಂಬಳ ಸರ್ಕಾರದಿಂದ ಬರುತ್ತದೆ. ಅದರೊಡನೆ ತಪಾಸಣೆಯೂ ನಿಯಮಗಳೂ ಬರುತ್ತವೆ. ಇನ್ನು ಮಕ್ಕಳ ಹೆಸರಿಗೆ ಬರುವ ವಿದ್ಯಾರ್ಥಿವೇತನ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅದು ಮಗುವಿನ ಪುಸ್ತಕಕ್ಕೆ ಹೋಯಿತೇ, ಮನೆಯ ಟಿ.ವಿ.ಯ ಕಂತಿಗೆ ಹೋಯಿತೇ? ವರಮಾನದ ಪ್ರಮಾಣಪತ್ರದಲ್ಲಿ ಬರೆಸಿದ ಅಂಕಿ ನಿಜವೇ? ಅರಿಜೋನಾದ ಪಿಯಾನೋವನ್ನು ನೋಡಿ ಹುಬ್ಬೇರಿಸುವ ಮೊದಲು ನಾವೂ ನಮ್ಮ ಪಾಸ್‌ಬುಕ್ಕನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಪ್ರಿಯ ಓದುಗರೇ, ಶಿಕ್ಷಣ ಖಾತೆಗಳು ಇರಬೇಕೇ ಬೇಡವೇ ಎಂಬುದನ್ನು ಆಯಾ ರಾಜ್ಯಗಳ ಜನರೂ ಶಾಸನಸಭೆಗಳೂ ನ್ಯಾಯಾಲಯಗಳೂ ತೀರ್ಮಾನಿಸಲಿ. ಸಜ್ಜನರು ಎರಡೂ ಕಡೆ ಇದ್ದಾರೆ. ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇಷ್ಟು: ಮಗುವನ್ನು ಬೆಳೆಸುವ ಹಕ್ಕು ದೇವರು ತಂದೆತಾಯಿಗಳಿಗೆ ಕೊಟ್ಟ ವರ, ಅದಕ್ಕಾಗಿ ನೆರೆಯವರು ಕೊಡುವ ಹಣ ನಮ್ಮ ಮೇಲಿಟ್ಟ ಭರವಸೆ. ಇಂದು ಸಂಜೆ ನಿಮ್ಮ ಮಕ್ಕಳು ಪುಸ್ತಕ ಹಿಡಿದು ಕುಳಿತಾಗ ಅದಕ್ಕೆ ಯಾರು ಯಾರು ಹಣ ತೆತ್ತಿದ್ದಾರೆಂದು ಅವರಿಗೆ ಹೇಳಿಕೊಡಿ. ಆ ಪಾಠಕ್ಕೆ ಯಾವ ಖಾತೆಯೂ ಬೇಕಾಗಿಲ್ಲ.